ಮಾಲು ಸಂಖ್ಯೆ ಹದಿನೇಳರ ಅನಧಿಕೃತ ದುರಸ್ತಿ

ಪಕ್ಷಿ ಕ್ಷೇಮ ನಿರ್ದೇಶನಾಲಯವು ತಾನು ಹೂಡಿದ ಒಂದೇ ಒಂದು ಮೊಕದ್ದಮೆಯನ್ನೂ ಇದುವರೆಗೆ ಸೋತಿಲ್ಲ. ಹದಿನಾಲ್ಕು ವರ್ಷಗಳಲ್ಲಿ ಹೂಡಿದ ಯಾವ ಮೊಕದ್ದಮೆಯೂ ಇನ್ನೂ ಮುಗಿದಿಲ್ಲ, ಅದಕ್ಕೇ ಸೋತಿಲ್ಲ ಎಂದು ಕೆಲವರು ಕೊಂಕು ನುಡಿಯುತ್ತಾರೆ. ಕೊಂಕಿಗೆ ಉತ್ತರ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ನಾನು ಈ ನಿರ್ದೇಶನಾಲಯದಲ್ಲಿ ವಾರ್ಷಿಕ ವರದಿ ಬರೆಯುವ ಗುಮಾಸ್ತ. ಮಾಲು ಸಂಖ್ಯೆ ಹದಿನೇಳರ ಬಗ್ಗೆ ಊರಲ್ಲಿ ಏನೇನೋ ಮಾತು ಹಬ್ಬಿರುವುದರಿಂದ, ನಡೆದದ್ದನ್ನು ನಡೆದ ಹಾಗೇ ಬರೆದಿಡಬೇಕೆಂದು ನಮ್ಮ ಅಧೀಕ್ಷಕರು ಹೇಳಿದ್ದಾರೆ. ಬರೆಯುತ್ತಿದ್ದೇನೆ.

ಮಾಲು ಸಂಖ್ಯೆ ಹದಿನೇಳು ಒಂದು ಗಿಳಿ. ಅದು ಹನ್ನೊಂದು ವರ್ಷ ದೊಡ್ಡ ಬೀದಿಯ ಬೀಗದ ಅಂಗಡಿಯ ಮುಂದೆ, ಮೊಣಕೈ ಉದ್ದದ ಪಂಜರದಲ್ಲಿ ತೂಗಿಕೊಂಡಿತ್ತು. ಅದು ಅಂಗಡಿಯ ಜಾಹೀರಾತು. ಪಂಜರಕ್ಕೆ ತನ್ನಲ್ಲಿರುವ ಅತಿ ಗಟ್ಟಿ ಬೀಗ ಹಾಕಿ, "ಹನ್ನೊಂದು ವರ್ಷ ಆಯ್ತು, ಒಂದಿನ ತಪ್ಪಿಸ್ಕೊಂಡಿಲ್ಲ ನೋಡಿ" ಎಂದು ಬೀಗದಂಗಡಿಯವರು ಬಂದ ಗಿರಾಕಿಗೆಲ್ಲ ತೋರಿಸುತ್ತಿದ್ದರು. ಎದುರಿನ ದರ್ಜಿಯೊಬ್ಬ ನೋಡಲಾರದೆ ದೂರು ಬರೆದ. ದೂರು ಬಂದ ಎರಡು ವರ್ಷದೊಳಗೇ ನಮ್ಮ ಇನ್ಸ್‌ಪೆಕ್ಟರು ಸ್ಥಳಕ್ಕೆ ಧಾವಿಸಿ ಗಿಳಿಯನ್ನು ಪಂಜರ ಸಮೇತ ಜಪ್ತಿ ಮಾಡಿದರು.

ಜಪ್ತಿಯ ದಿನ ಬರೆದ ಮಹಜರಿನ ಮುಖ್ಯಾಂಶ ಹೀಗಿದೆ: ತೂಕ ತೊಂಬತ್ತು ಗ್ರಾಂ. ಎದೆ ಬೋಳು, ಗರಿಗಳನ್ನು ಗಿಳಿಯೇ ಕಿತ್ತುಕೊಂಡಿರುವಂತೆ ತೋರುತ್ತದೆ. ಎಡ ರೆಕ್ಕೆಯಲ್ಲಿ ದೊಡ್ಡ ಗರಿ ನಾಲ್ಕು, ಬಲದಲ್ಲಿ ಐದು. ಉಗುರು ಸುರುಳಿ ಸುತ್ತಿದೆ. ನೀರಿನ ಬಟ್ಟಲು ಒಣಗಿದೆ. ಕಾಳಿನ ಬಟ್ಟಲಲ್ಲಿ ತುಕ್ಕು ಹಿಡಿದ ಮೊಳೆ ಎರಡು. ಗಿಳಿಗೆ ಬರುವ ಮಾತು ಎರಡು: "ಯಾರದು?" ಮತ್ತು "ಬೀಗ ನೋಡಿ". ಪಂಜರದ ಬೀಗದ ಕೀಲಿಯನ್ನು ಲಕೋಟೆಯೊಳಗೆ ಹಾಕಿ ಅರಗಿನ ಮುದ್ರೆ ಒತ್ತಲಾಗಿದೆ. ನ್ಯಾಯಾಧೀಶರ ಎದುರಿಗಲ್ಲದೆ ಅದನ್ನು ಒಡೆಯುವಂತಿಲ್ಲ.

ಇಲ್ಲಿ ನಮ್ಮ ನಿಯಮಾವಳಿಯ ಬಗ್ಗೆ ಒಂದು ಮಾತು ಹೇಳಬೇಕು. ನಿರ್ದೇಶನಾಲಯ ಹುಟ್ಟಿದಾಗ ಒಂದು ವಾರದಲ್ಲಿ ನಿಯಮಾವಳಿ ಸಿದ್ಧವಾಗಬೇಕೆಂದು ಮೇಲಿನಿಂದ ಒತ್ತಡ ಬಂತು. ಆಗ ಪಕ್ಕದ ಕಟ್ಟಡದಲ್ಲಿ ಜಪ್ತಿಯಾದ ವಾಹನಗಳ ಕಚೇರಿಯಿತ್ತು. ಅವರ ನಿಯಮಾವಳಿ ತರಿಸಿ, 'ವಾಹನ' ಎಂದಿರುವ ಕಡೆಯೆಲ್ಲ 'ಪಕ್ಷಿ' ಎಂದು ಬೆರಳಚ್ಚು ಮಾಡಿಸಲಾಯಿತು. ಕೆಲಸ ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ಉಳಿದ ಆರು ದಿನಕ್ಕೆ ಎಲ್ಲರೂ ಅಭಿನಂದನೆ ಪಡೆದರು.

ಆದ್ದರಿಂದ ನಿಯಮ ಏಳರ ಪ್ರಕಾರ ಜಪ್ತಿಯಾದ ಪಕ್ಷಿಯನ್ನು ಯಾರೂ ಚಲಾಯಿಸತಕ್ಕದ್ದಲ್ಲ. ನಿಯಮ ಎಂಟರ ಪ್ರಕಾರ ಅದು ಉರುಳಿಹೋಗದಂತೆ ಹಿಂದೆ ಮುಂದೆ ಕಲ್ಲು ಕೊಡತಕ್ಕದ್ದು. ನಿಯಮ ಒಂಬತ್ತರ ಪ್ರಕಾರ ಬಣ್ಣ ಮಾಸದಂತೆ ಟಾರ್ಪಾಲಿನ್ ಹೊದಿಸತಕ್ಕದ್ದು. ಕಳಚಿ ಬಿದ್ದ ಬಿಡಿಭಾಗಗಳಿಗೆ ಚೀಟಿ ಕಟ್ಟಿ ಪ್ರತ್ಯೇಕವಾಗಿ ಇಡತಕ್ಕದ್ದು. ಇಂಧನವನ್ನು ಗೇಟಿನಿಂದ ಉಗ್ರಾಣದವರೆಗೆ ಸಾಗಲು ಬೇಕಾದಷ್ಟೇ ಕೊಡತಕ್ಕದ್ದು. ಪಕ್ಷಿಗಳ ಇಂಧನಕ್ಕೆಂದು ಪ್ರತಿವರ್ಷ ಅನುದಾನ ಬರುತ್ತದೆ, ಮತ್ತು ಇಂಧನ ಎಂದಿರುವುದರಿಂದ ಅದು ಅಧೀಕ್ಷಕರ ಜೀಪಿಗೆ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ನಿಯಮ ಹದಿನಾಲ್ಕು: ವಿಚಾರಣೆ ಮುಗಿಯುವವರೆಗೆ ಪಕ್ಷಿಯನ್ನು ಜಪ್ತಿಯಾದ ಸ್ಥಿತಿಯಲ್ಲೇ ಕಾಯ್ದಿಡತಕ್ಕದ್ದು, ಯಾವುದೇ ದುರಸ್ತಿ ಮಾಡತಕ್ಕದ್ದಲ್ಲ.

ಈ ನಿಯಮಗಳಿಂದ ಹದಿನಾಲ್ಕು ವರ್ಷ ಯಾರಿಗೂ ತೊಂದರೆಯಾಗಲಿಲ್ಲ. ಮಾಲು ಸಂಖ್ಯೆ ಒಂದರಿಂದ ಹದಿನಾರರವರೆಗಿನ ಪಕ್ಷಿಗಳು ಟಾರ್ಪಾಲಿನ್ ಅಡಿಯಲ್ಲಿ, ಕಲ್ಲುಗಳ ನಡುವೆ, ತುಟಿ ಪಿಟಕ್ಕೆನ್ನದೆ ಇದ್ದು, ತಮ್ಮ ತಮ್ಮ ವಿಚಾರಣೆಗೆ ಮುಂಚೆಯೇ ತೀರಿಕೊಂಡವು. ಅವುಗಳ ಬಿಡಿಭಾಗಗಳು ಚೀಟಿ ಸಮೇತ ಕ್ಷೇಮವಾಗಿವೆ.

ತೊಂದರೆ ಶುರುವಾದದ್ದು ಉಗ್ರಾಣದಮ್ಮನಿಂದ.

ಉಗ್ರಾಣದಮ್ಮ ಎಂದರೆ ನಮ್ಮ ಉಗ್ರಾಣ ನೋಡಿಕೊಳ್ಳುತ್ತಿದ್ದ ಹೆಂಗಸು. ನಿವೃತ್ತಿಗೆ ಒಂದೂವರೆ ವರ್ಷವಿತ್ತು. ಮಧ್ಯಾಹ್ನ ಒಂದು ಗಂಟೆಯಾಯಿತೆಂದರೆ ಕಾರಿಡಾರಿನಲ್ಲಿ ಸಿಕ್ಕವರನ್ನೆಲ್ಲ, ಜವಾನನೋ ಜೀಪು ಚಾಲಕನೋ ನಾನೋ, "ಊಟ ಆಯ್ತಾ ಮಗಾ?" ಎಂದು ಕೇಳುವುದು ಆಕೆಯ ಅಭ್ಯಾಸ. ಆಗಿಲ್ಲ ಎಂದರೆ ತನ್ನ ಡಬ್ಬಿ ತೆರೆದು ಮುಂದಿಡುತ್ತಿದ್ದಳು. ಅದಕ್ಕೇ ನಾವೆಲ್ಲ ಡಬ್ಬಿ ತರುವುದನ್ನೇ ಬಿಟ್ಟಿದ್ದೆವು. ಸೇವಾ ಪುಸ್ತಕದಲ್ಲಿ ಒಂದೇ ಒಂದು ಕಪ್ಪು ಚುಕ್ಕೆ ಇತ್ತು, ಅದೂ ಹದ್ದಿನ ವಿಷಯ.

ಹದ್ದಿನ ವಿಷಯವೆಂದರೆ, ಗಿಳಿಯ ಜಪ್ತಿಗೆ ಒಂದು ತಿಂಗಳ ಹಿಂದೆ ನಮ್ಮ ಕಚೇರಿಯ ಎದುರಿನ ಕಂಬದ ತಂತಿಗೆ ಗಾಳಿಪಟದ ದಾರ ಸುತ್ತಿಕೊಂಡು ಒಂದು ಹದ್ದು ತಲೆಕೆಳಗಾಗಿ ನೇತಾಡುತ್ತಿತ್ತು. ರೆಕ್ಕೆ ಬಡಿಯುವ ಸದ್ದು ನನ್ನ ಮೇಜಿನವರೆಗೂ ಕೇಳಿಸುತ್ತಿತ್ತು. ಆದರೆ ಅದು ಕಾಡುಪಕ್ಷಿ. ನಮ್ಮ ನಿಯಮಾವಳಿಯಲ್ಲಿ ಕಾಡುಪಕ್ಷಿಯೆಂದರೆ ನೋಂದಣಿಯಿಲ್ಲದ, ವಾರಸುದಾರರು ಪತ್ತೆಯಾಗದ ಪಕ್ಷಿ. ಅಂಥವನ್ನು ಮುಟ್ಟುವ ಮೊದಲು ವಾರಸುದಾರರಿಗೆ ಏಳು ದಿನದ ನೋಟಿಸು ಕೊಡಬೇಕು. ಕೊಟ್ಟೆವು. ಕಂಬಕ್ಕೇ ಅಂಟಿಸಿದೆವು. ಉಗ್ರಾಣದಮ್ಮ ಮೂರನೇ ದಿನ ಯಾರನ್ನೂ ಕೇಳದೆ ಏಣಿ ತಂದು ಕಂಬಕ್ಕೆ ಒರಗಿಸಿದಳು. ಏಣಿ ನಿಲುಕಲಿಲ್ಲ. ನಾಲ್ಕನೇ ದಿನ ಸದ್ದು ನಿಂತಿತು. ಏಣಿಯನ್ನು ಅನುಮತಿಯಿಲ್ಲದೆ ಹೊರಗೆ ಒಯ್ದದ್ದಕ್ಕೆ ಆಕೆಗೆ ಎಚ್ಚರಿಕೆ ಪತ್ರ ಹೋಯಿತು. ಆ ಪತ್ರ ಬರೆದವನು ನಾನೇ, ಅಕ್ಷರ ಚೆನ್ನಾಗಿದೆ ಎಂದು ಅಧೀಕ್ಷಕರು ಮೆಚ್ಚಿಕೊಂಡರು.

ಹೀಗಿರುವಾಗ ಗಿಳಿ ಬಂತು. ಉಗ್ರಾಣದಮ್ಮ ಟಾರ್ಪಾಲಿನ್ ಹೊದಿಸಿದಳು, ಕಲ್ಲು ಕೊಟ್ಟಳು, ಉದುರಿದ ಗರಿಗೆಲ್ಲ ಚೀಟಿ ಕಟ್ಟಿದಳು. ಹೊರಗಿನಿಂದ ನೋಡಿದವರಿಗೆ ಎಲ್ಲವೂ ನಿಯಮದಂತೆಯೇ ಇತ್ತು. ಒಳಗೆ ಮಾತ್ರ ದಿನಾ ಬೆಳಿಗ್ಗೆ ಟಾರ್ಪಾಲಿನ್ ಸರಿಸಿ ಪಂಜರವನ್ನು ಕಿಟಕಿಯ ಬಿಸಿಲಿಗೆ ಇಡುತ್ತಿದ್ದಳು. ಬಾಗಿಲು ತೆಗೆಯುವಂತಿರಲಿಲ್ಲವಲ್ಲ, ಸರಳುಗಳ ಸಂದಿಯಿಂದ ಹಲ್ಲುಜ್ಜುವ ಬ್ರಷ್ಷು ತೂರಿಸಿ ಒಳಗೆಲ್ಲ ತಿಕ್ಕಿದಳು. ಒರಟು ಕೊಂಬೆಯೊಂದನ್ನು ಅಡ್ಡ ಸಿಕ್ಕಿಸಿದಳು, ಅದರ ಮೇಲೆ ಕೂತು ಕೂತು ಉಗುರು ಸವೆಯಿತು. ಸೀಬೆಹಣ್ಣಿನ ಹೋಳು, ಎಳೆ ಜೋಳದ ತೆನೆ, ನೆನೆಸಿದ ಕಾಳು, ಎಲ್ಲ ಮನೆಯಿಂದಲೇ ತರುತ್ತಿದ್ದಳು. ಒಂದು ಗಂಟೆಗೆ ಸರಿಯಾಗಿ ಅದನ್ನೂ ಕೇಳುತ್ತಿದ್ದಳು, "ಊಟ ಆಯ್ತಾ ಮಗಾ?" ಎಂದು.

ಏಳು ತಿಂಗಳ ಮೇಲೆ ವಾರ್ಷಿಕ ತಪಾಸಣೆಗೆ ಪಶುವೈದ್ಯರು ಬಂದರು. ಟಾರ್ಪಾಲಿನ್ ಎತ್ತಿದರು. ಎತ್ತಿದವರು ಹಾಗೇ ನಿಂತರು. ಒಳಗೆ ಹೊಚ್ಚ ಹಸಿರಾದ, ಎದೆ ತುಂಬ ಗರಿಯಿರುವ, ಉದ್ದ ಬಾಲದ ಗಿಳಿ ಕೊಂಬೆಯ ಮೇಲೆ ಕೂತು ಡಾಕ್ಟರನ್ನು ನೋಡಿ, "ಊಟ ಆಯ್ತಾ ಮಗಾ?" ಎಂದಿತು.

"ಆಯ್ತು" ಎಂದರು ಡಾಕ್ಟರು, ಅಭ್ಯಾಸಬಲದಿಂದ. ಆಮೇಲೆ ಪಂಜರ ಸಮೇತ ತೂಗಿ, ಪಂಜರದ ತೂಕ ಕಳೆದರು. ನೂರ ಇಪ್ಪತ್ತೆಂಟು ಗ್ರಾಂ.

ಉಗ್ರಾಣದಮ್ಮ ಕೇಳಿದಳು, "ಡಾಕ್ಟ್ರೇ, ಈಗ ಬಿಟ್ರೆ ಹಾರುತ್ತಾ?"

"ಸ್ವಲ್ಪ ದಿನ ದೊಡ್ಡ ಪಂಜರದಲ್ಲಿ ಅಭ್ಯಾಸ ಮಾಡಿಸಿದ್ರೆ ಖಂಡಿತ ಹಾರುತ್ತಮ್ಮ. ಕೆರೆ ಹತ್ರ ತೋಪಿನಲ್ಲಿ ಇದರ ಹಿಂಡೇ ಇದೆ. ಆದ್ರೆ ಹುಷಾರು. ಮತ್ತೆ ಗರಿ ಕಿತ್ಕೊಳ್ಳೋ ಹಾಗಾಯ್ತು ಅನ್ನಿ, ಈ ಸಲ ಗರಿಯ ಬೇರೇ ಸತ್ತೋಗುತ್ತೆ. ಆಮೇಲೆ ಜನ್ಮದಲ್ಲಿ ಬೆಳೆಯಲ್ಲ."

ಡಾಕ್ಟರು ಇಷ್ಟನ್ನು ಹೇಳಿ ಸುಮ್ಮನಿದ್ದಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅವರು ಪ್ರಾಮಾಣಿಕರು, ನಮೂನೆಯಲ್ಲಿ ಬರೆದೂಬಿಟ್ಟರು. ವಿಚಾರಣೆಗೆ ಆಗ ನಲವತ್ತು ದಿನ ಬಾಕಿ ಇತ್ತು.

ಸರ್ಕಾರಿ ವಕೀಲರು ನಮೂನೆ ಓದಿ ಹಣೆ ಚಚ್ಚಿಕೊಂಡರು. "ಈ ಗಿಳೀನ ತಗೊಂಡು ಕೋರ್ಟಿಗೆ ಹೋಗಲಾ ನಾನು? ಇಷ್ಟು ಚೆನ್ನಾಗಿರೋ ಗಿಳೀನ ನಿರ್ಲಕ್ಷ್ಯ ಮಾಡಿದ್ರು ಅಂದ್ರೆ ಯಾರ್ರೀ ನಂಬ್ತಾರೆ? ಇದನ್ನ ನೋಡಿದ್ರೆ ಬೀಗದಂಗಡಿಯೋರಿಗೆ ಸನ್ಮಾನ ಮಾಡ್ಬೇಕು ಅನ್ಸುತ್ತೆ!"

ಅಧೀಕ್ಷಕರ ಕೊಠಡಿಯಲ್ಲಿ ಉಗ್ರಾಣದಮ್ಮನ ಮೇಲೆ ವಿಚಾರಣಾ ಸಮಿತಿ ಕೂತಿತು. ಆರೋಪ: ಸರ್ಕಾರಿ ಸಾಕ್ಷ್ಯವನ್ನು ಸುಧಾರಿಸಿದ್ದು. ಟಿಪ್ಪಣಿ ಮಾಡಿಕೊಳ್ಳಲು ನನ್ನನ್ನು ಕೂರಿಸಿದ್ದರು.

"ಏನಮ್ಮಾ, ನಿಯಮ ಹದಿನಾಲ್ಕು ಗೊತ್ತಿತ್ತೋ ಇಲ್ವೋ?"

"ಗೊತ್ತಿತ್ತು ಸಾರ್."

"ಮತ್ತೆ ಯಾಕೆ ಕಾಳು ಹಾಕಿದ್ರಿ?"

"ಅದಕ್ಕೆ ಹಸಿವಾಗಿತ್ತು ಸಾರ್."

"ಆ ಹಸಿವೇ ಸಾಕ್ಷ್ಯ ಕಣಮ್ಮಾ!" ಅಧೀಕ್ಷಕರಿಗೆ ನಿಜವಾಗಿಯೂ ನೋವಾಗಿತ್ತು. "ನಮ್ಮ ಹತ್ರ ಇದ್ದಿದ್ದು ಅದೊಂದೇ. ಅದನ್ನೇ ತೆಗೆದು ಹಾಕ್ಬಿಟ್ರಲ್ಲ. ಇದೇ ನೀವು ಒಂದು ಲಾರಿಗೆ ಹೊಸ ಟೈರ್ ಹಾಕಿದ್ರೆ ಏನಾಗ್ತಿತ್ತು, ಯೋಚನೆ ಮಾಡಿ."

"ಲಾರಿ ಕೂಗ್ಕೊಳ್ಳಲ್ಲ ಸಾರ್."

ಈ ಉತ್ತರವನ್ನು ಉದ್ಧಟತನ ಎಂಬ ಶೀರ್ಷಿಕೆಯಡಿ ಬರೆದುಕೊಳ್ಳಲು ನನಗೆ ಸೂಚಿಸಲಾಯಿತು. ಬರೆದುಕೊಂಡೆ.

ಅಂದೇ ಆದೇಶ ಹೊರಬಿತ್ತು. "ಮಾಲು ಸಂಖ್ಯೆ ಹದಿನೇಳನ್ನು ವಿಚಾರಣಾ ದಿನಾಂಕದೊಳಗೆ ಮಹಜರಿನಲ್ಲಿ ನಮೂದಿಸಿದ ಮೂಲ ಸ್ಥಿತಿಗೆ ಪುನಃಸ್ಥಾಪಿಸತಕ್ಕದ್ದು. ಈ ಪ್ರಕ್ರಿಯೆಯಲ್ಲಿ ಪಕ್ಷಿಗೆ ಯಾವುದೇ ಹಿಂಸೆ ಆಗತಕ್ಕದ್ದಲ್ಲ." ಎರಡನೆಯ ವಾಕ್ಯ ನಿರ್ದೇಶನಾಲಯದ ಕರುಣೆಗೆ ಸಾಕ್ಷಿ. ಕೈ ಹಾಕಿ ಗರಿ ಕೀಳುವಂತಿಲ್ಲ. ನಿರ್ಲಕ್ಷ್ಯದ ಮೂಲಕವೇ, ಸಹಜವಾಗಿ, ಗಿಳಿ ತನ್ನ ಗರಿಯನ್ನು ತಾನೇ ಕಿತ್ತುಕೊಳ್ಳುವಂತಾಗಬೇಕು.

ಇದಕ್ಕಾಗಿ ನನ್ನನ್ನೂ ಸೇರಿಸಿ ಐವರ ನಿರ್ಲಕ್ಷ್ಯ ಸಮಿತಿ ರಚನೆಯಾಯಿತು. ಉಗ್ರಾಣದಮ್ಮನನ್ನು ಉಗ್ರಾಣದ ಒಳಗೆ ಬಿಡಬಾರದೆಂದು ತೀರ್ಮಾನವಾಗಿ, ಬಾಗಿಲಾಚೆ ಒಂದು ಸ್ಟೂಲು ಹಾಕಿ ಕೂರಿಸಲಾಯಿತು. ಸಮಿತಿ ದಿನಕ್ಕೆ ಮೂರು ಬಾರಿ ಬಂದು, ಗಿಳಿಯನ್ನು ಯಾರೂ ಗಮನಿಸುತ್ತಿಲ್ಲವೆಂಬುದನ್ನು ಹತ್ತಿರದಿಂದ ಗಮನಿಸಿತು. ಗಿಳಿಗೆ ಹಬ್ಬವೋ ಹಬ್ಬ. ಹನ್ನೊಂದು ವರ್ಷ ಒಂಟಿಯಾಗಿದ್ದ ಜೀವಕ್ಕೆ ದಿನವೂ ಐದು ಮುಖ ನೋಡಸಿಗುತ್ತಿತ್ತು. ಐವರನ್ನೂ ಒಬ್ಬೊಬ್ಬರನ್ನಾಗಿ "ಊಟ ಆಯ್ತಾ ಮಗಾ?" ಎಂದು ಕೇಳಿತು. ಐವರಲ್ಲಿ ಕನಿಷ್ಠ ಮೂವರು ಜೇಬಿನಿಂದ ಏನೋ ಕೊಟ್ಟಿರಬೇಕು, ಹತ್ತನೇ ದಿನ ತೂಗಿದಾಗ ಎರಡು ಗ್ರಾಂ ಹೆಚ್ಚಿತ್ತು. ನಾನು ಕೊಟ್ಟದ್ದು ಕಡಲೆಬೀಜ, ಅದೂ ಒಂದೇ ಸಲ.

ಅಧೀಕ್ಷಕರು ಕೆಂಡಾಮಂಡಲವಾದರು. ಹದಿನಾಲ್ಕು ವರ್ಷ ಯಾವ ಶ್ರಮವೂ ಇಲ್ಲದೆ ಹದಿನಾರು ಹಕ್ಕಿಗಳನ್ನು ಕಡೆಗಣಿಸಿದ ಕಚೇರಿ ಇದು. ಆದರೆ ಗಡುವು ಹಾಕಿಕೊಂಡು ನಿರ್ಲಕ್ಷ್ಯ ಮಾಡಿ ನಮಗೆ ಅಭ್ಯಾಸವಿರಲಿಲ್ಲ. ಕೊನೆಗೆ ಇದು ತಜ್ಞರ ಕೆಲಸವೆಂದು ಎಲ್ಲರೂ ಒಪ್ಪಿಕೊಂಡೆವು. ಪತ್ರಿಕೆಯಲ್ಲಿ ಪ್ರಕಟಣೆ ಹೊರಟಿತು:

"ಪಕ್ಷಿ ಕ್ಷೇಮ ನಿರ್ದೇಶನಾಲಯಕ್ಕೆ ಪುನಃಸ್ಥಾಪನಾ ಸಲಹೆಗಾರರು ಬೇಕಾಗಿದ್ದಾರೆ. ಅರ್ಹತೆ: ಕನಿಷ್ಠ ಒಂದು ಪಕ್ಷಿಯನ್ನು ಸತತವಾಗಿ ಹತ್ತು ವರ್ಷ ಕಡೆಗಣಿಸಿದ ಅನುಭವ. ಸ್ವಂತ ಪಂಜರ ಇರುವವರಿಗೆ ಆದ್ಯತೆ. ಅನುಭವದ ಬಗ್ಗೆ ಸ್ವಹಸ್ತಾಕ್ಷರದ ದೃಢೀಕರಣ ಲಗತ್ತಿಸತಕ್ಕದ್ದು."

ಒಂದೇ ಅರ್ಜಿ ಬಂತು. ಬೀಗದಂಗಡಿಯವರದು.

ಸಂದರ್ಶನಕ್ಕೆ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಅಧೀಕ್ಷಕರು ಎದ್ದು ನಿಂತು ಕೈ ಮುಗಿದರು.

"ನಿಮ್ಮ ವಿಧಾನ ಏನು ಸ್ವಾಮಿ?"

"ವಿಧಾನ ಅಂತ ಏನೂ ಇಲ್ಲ ಸಾರ್. ಬೇರೆ ಕೆಲಸ ಇರುತ್ತಲ್ಲ, ಅದನ್ನ ಮಾಡ್ಕೊಂಡಿರೋದು. ನಿಮ್ಮೋರು ಬಂದು ಬಂದು ನೋಡ್ತಾರಂತೆ, ಅದೇ ತಪ್ಪು. ಹಾಗೆಲ್ಲ ನೋಡ್ಬಾರ್ದು."

ಸಮಿತಿಯವರು ತಲೆದೂಗಿದರು. ಅನುಭವ ಎಂದರೆ ಅನುಭವ.

ಇದನ್ನೆಲ್ಲ ಬಾಗಿಲಾಚೆ ಸ್ಟೂಲಿನ ಮೇಲಿಂದ ಕೇಳಿಸಿಕೊಂಡ ಉಗ್ರಾಣದಮ್ಮ ಒಳಗೇ ಬಂದುಬಿಟ್ಟಳು. "ಸಾರ್, ಒಂದು ಮಾತು. ಹನ್ನೊಂದು ವರ್ಷ ಗಿಳೀಗೆ ಸರಿಯಾಗಿ ಕಾಳು ನೀರು ಕೊಟ್ಟಿಲ್ಲ ಅಂತ ಇವರೇ ಬರೆದು ಸಹಿ ಹಾಕಿದಾರಲ್ಲ. ಇದನ್ನೇ ಕೋರ್ಟಿಗೆ ಕೊಡಿ. ಕೇಸು ಗೆದ್ದ ಹಾಗೇ. ಗಿಳಿ ಮೈಮೇಲೆ ಸಾಕ್ಷಿ ಯಾಕೆ ಬೇಕು? ಅದನ್ನ ತೋಪಿಗೆ ಬಿಟ್ಬಿಡೋಣ ಸಾರ್. ನಿಮ್ಮ ಕಾಲಿಗೆ ಬೀಳ್ತೀನಿ."

ಆಕೆ ಹೇಳಿದ್ದು ಸರಿಯಾಗಿಯೇ ಇತ್ತು. ಈ ಕಚೇರಿಯಲ್ಲಿ ಮೊದಲ ಬಾರಿಗೆ ಏನಾದರೂ ಮುಗಿಯಬಹುದು ಎಂದು ನನಗೆ ಆಸೆಯಾಯಿತು, ಇದನ್ನು ಮುಚ್ಚಿಡುವುದಿಲ್ಲ. ಬೀಗದಂಗಡಿಯವರು ಬೆವರಿದರು.

ಅಧೀಕ್ಷಕರು ಕನ್ನಡಕ ತೆಗೆದು ಒರೆಸಿದರು. "ನೋಡಮ್ಮಾ, ಆ ಅರ್ಜಿ ಇರೋದು ಸಿಬ್ಬಂದಿ ಶಾಖೆಯ ಕಡತದಲ್ಲಿ. ಅದು ಗೋಪ್ಯ. ಕೇಸು ಇರೋದು ಕಾನೂನು ಶಾಖೇಲಿ. ಈ ಶಾಖೆಯ ಗೋಪ್ಯ ಕಡತ ಆ ಶಾಖೆಗೆ ಹೋಗೋ ಹಾಗಿಲ್ಲ."

"ಎರಡು ಶಾಖೆಗೂ ನೀವೇ ಅಲ್ವಾ ಸಾರ್ ಮುಖ್ಯಸ್ಥರು?"

"ಅದಕ್ಕೇ ನನಗೆ ಕಷ್ಟ ಗೊತ್ತಿರೋದು" ಎಂದರು ಅಧೀಕ್ಷಕರು.

ಬೀಗದಂಗಡಿಯವರ ನೇಮಕ ಸರ್ವಾನುಮತದಿಂದ ಆಯಿತು. ಉಗ್ರಾಣದಮ್ಮನಿಗೆ ಕಡ್ಡಾಯ ನಿವೃತ್ತಿಯ ಆದೇಶ ಹೋಯಿತು. ಅದನ್ನೂ ನಾನೇ ಬರೆದೆ. ಹೊರಡುವಾಗ ಆಕೆ ಬೀರುವಿನ ಕೀಲಿಗೊಂಚಲನ್ನು ನನ್ನ ಮೇಜಿನ ಮೇಲಿಟ್ಟಳು, ಉಗ್ರಾಣದ ಪ್ರಭಾರ ನನಗೇ ಬಂದಿತ್ತು. ಪಂಜರದ ಕೀಲಿಯಿದ್ದ ಅರಗಿನ ಮುದ್ರೆಯ ಲಕೋಟೆಯೂ ಆ ಬೀರುವಿನಲ್ಲೇ ಇತ್ತು. ಅದು ನನಗೂ ಗೊತ್ತಿತ್ತು, ಆಕೆಗೂ ಗೊತ್ತಿತ್ತು. ಆಕೆ ಒಂದು ಕ್ಷಣ ನನ್ನ ಮುಖ ನೋಡಿದಳು. ನಾನು ಕಡತ ನೋಡಿದೆ. "ಊಟಕ್ಕೆ ಹೊತ್ತು ಮಾಡ್ಕೋಬೇಡ ಮಗಾ" ಎಂದು ಹೇಳಿ ಹೋದಳು.

ಸಲಹೆಗಾರರು ತಮ್ಮ ಕೆಲಸಕ್ಕೆ ತಕ್ಕ ವಾತಾವರಣ ಬೇಕೆಂದು ಬರೆದುಕೊಟ್ಟರು. ಅದರಂತೆ ಪಂಜರವನ್ನು ಬೀಗದಂಗಡಿಯ ಮುಂದೆ, ಅದೇ ಕೊಕ್ಕೆಗೆ, ತೂಗುಹಾಕಲಾಯಿತು. ಮೇಲೊಂದು ಫಲಕ ಬಂತು: "ಪಕ್ಷಿ ಕ್ಷೇಮ ನಿರ್ದೇಶನಾಲಯದ ಮಾನ್ಯತೆ ಪಡೆದ ಪುನಃಸ್ಥಾಪನಾ ಕೇಂದ್ರ". ವ್ಯಾಪಾರವೂ ಏರಿತು. ಸರ್ಕಾರವೇ ತನ್ನ ಗಿಳಿಯನ್ನು ನಂಬಿ ಕೊಟ್ಟ ಬೀಗ ಎಂದು ಗಿರಾಕಿಗಳು ದೂರದಿಂದಲೂ ಬರತೊಡಗಿದರು.

ಎದುರಿನ ದರ್ಜಿ ಮತ್ತೆ ದೂರು ಬರೆದ. ಈ ಸಲ ಇನ್ಸ್‌ಪೆಕ್ಟರು ಎರಡೇ ದಿನದಲ್ಲಿ ಹೋಗಿ, ಕೇಂದ್ರದ ಕಾರ್ಯವೈಖರಿಗೆ ಸಾರ್ವಜನಿಕರಿಂದ ಬಂದ ದೃಢೀಕರಣವೆಂದು ಆ ದೂರನ್ನು ಕಡತಕ್ಕೆ ಸೇರಿಸಿಕೊಂಡು ಬಂದರು.

ಉಗ್ರಾಣದಮ್ಮ ದಿನಾ ಸಂಜೆ ಬೀಗ ಕೊಳ್ಳುವ ನೆಪದಲ್ಲಿ ಅಂಗಡಿಗೆ ಬರುತ್ತಿದ್ದಳಂತೆ. ಬೀಗ ನೋಡುತ್ತ ನೋಡುತ್ತ ಪಂಜರದ ಕೆಳಗೆ ನಿಲ್ಲುತ್ತಿದ್ದಳು, ಸೆರಗಿನಲ್ಲಿ ಸೀಬೆಹಣ್ಣಿನ ಹೋಳು. ಹನ್ನೊಂದು ಬೀಗ ಕೊಂಡ ಮೇಲೆ ಸಲಹೆಗಾರರಿಗೆ ಅನುಮಾನ ಬಂತು. ತಾಂತ್ರಿಕ ಕೆಲಸಕ್ಕೆ ಅಡ್ಡಿಯೆಂದು ಅವರು ಬರೆದದ್ದರ ಮೇಲೆ, ಆಕೆ ದೊಡ್ಡ ಬೀದಿಗೆ ಕಾಲಿಡಬಾರದೆಂದು ಆದೇಶವಾಯಿತು. ಆಕೆಯ ಒಂದು ಕೋಣೆಯ ಮನೆಯಲ್ಲಿ ಈಗಲೂ ಹನ್ನೊಂದು ಬೀಗಗಳಿವೆ.

ಅಲ್ಲಿಂದ ಕೆಲಸ ಚುರುಕಾಯಿತು. ವಿಚಾರಣೆಗೆ ನಾಲ್ಕು ದಿನ ಮೊದಲೇ ತೂಕ ತೊಂಬತ್ತು ಗ್ರಾಂಗೆ ಬಂತು. ಎದೆ ಬೋಳಾಯಿತು. ಎಡ ರೆಕ್ಕೆಯಲ್ಲಿ ನಾಲ್ಕು ಗರಿ, ಬಲದಲ್ಲಿ ಐದು. ಪಶುವೈದ್ಯರು ನೋಡಿ, ಬೇರು ಸತ್ತಿದೆ, ಇನ್ನು ಬೆಳೆಯುವುದಿಲ್ಲ, ಈ ಗಿಳಿ ಇನ್ನು ಹಾರುವುದಿಲ್ಲ ಎಂದು ಬರೆದರು. ಇನ್ನು ಮುಂದೆ ಸಾಕ್ಷ್ಯ ಸುಧಾರಿಸುವ ಭಯವಿಲ್ಲವೆಂದು ಸರ್ಕಾರಿ ವಕೀಲರು ನಿಟ್ಟುಸಿರು ಬಿಟ್ಟರು. ವಿಚಾರಣೆಯ ದಿನ ನ್ಯಾಯಾಧೀಶರು ರಜೆಯಲ್ಲಿದ್ದರು. ಮುಂದಿನ ದಿನಾಂಕ ಮುಂದಿನ ವರ್ಷಕ್ಕೆ ಬಿದ್ದಿದೆ.

ಒಂದೇ ಒಂದು ಅಂಶ ಮಹಜರಿಗೆ ಹೊಂದಲಿಲ್ಲ. ಗಿಳಿಯ ಮೂರನೆಯ ಮಾತು. ಸಲಹೆಗಾರರು ಎಷ್ಟು ಪ್ರಯತ್ನಪಟ್ಟರೂ ಅದು ಹೋಗಲಿಲ್ಲ. ಬದಲಿಗೆ ಮೊದಲಿನ ಎರಡು ಮಾತುಗಳೇ ಹೋಗಿಬಿಟ್ಟವು. ಈ ವಿಷಯ ನಾಲ್ಕು ಸಭೆಗಳಲ್ಲಿ ಚರ್ಚೆಯಾಗಿ, ಜಪ್ತಿಯ ದಿನವೇ ಗಿಳಿ ಆ ಮಾತನ್ನು ಆಡಿತ್ತೆಂದೂ ಬರೆಯುವಾಗ ಕೈತಪ್ಪಿ ಬಿಟ್ಟುಹೋಗಿತ್ತೆಂದೂ ಮಹಜರನ್ನು ತಿದ್ದಲಾಯಿತು. ತಿದ್ದಿದ ಅಕ್ಷರ ನನ್ನದೇ.

ಉಗ್ರಾಣದ ಪ್ರಭಾರಿಯಾಗಿ ಪ್ರತಿ ತಿಂಗಳ ಮೊದಲ ಸೋಮವಾರ ಸ್ಥಳ ಪರಿಶೀಲನೆ ನನ್ನ ಕರ್ತವ್ಯ. ಈ ತಿಂಗಳೂ ಹೋಗಿದ್ದೆ. ಮಧ್ಯಾಹ್ನ ಒಂದು ಗಂಟೆಯಿರಬಹುದು. ನೀರಿನ ಬಟ್ಟಲು ಒಣಗಿತ್ತು, ಕಾಳಿನ ಬಟ್ಟಲಲ್ಲಿ ಮೊಳೆ ಎರಡು. ಎಲ್ಲ ಸರಿಯಾಗಿತ್ತು. ನಮೂನೆ ತುಂಬಲು ಪಂಜರದ ಹತ್ತಿರ ಹೋದೆ. ಮೂಲೆಯಲ್ಲಿ ಕೂತಿದ್ದ ಗಿಳಿ ಬೋಳು ಎದೆಯನ್ನು ಸರಳಿಗೆ ಒತ್ತಿಕೊಂಡು, ಥೇಟ್ ಆಕೆಯದೇ ದನಿಯಲ್ಲಿ ಕೇಳಿತು:

"ಊಟ ಆಯ್ತಾ ಮಗಾ?"

"ಆಯ್ತು" ಎಂದೆ. 'ಸ್ಥಿತಿ ತೃಪ್ತಿಕರ' ಎಂದು ಬರೆದು ಸಹಿ ಮಾಡಿದೆ.